ಒಂದು ಶವಪೆಟ್ಟಿಗೆಗೆ ಎರಡು ದಡದ ಜಗಳ: ಸೂಸಾದ ದಾನಿಯೇಲನ ಸಮಾಧಿ

ಪ್ರವಾದಿಗಳ ಸಮಾಧಿ ಅಂದ ಕೂಡಲೇ ನಾವು ಕೇಳುವುದು, "ಅಲ್ಲಿರುವುದು ನಿಜವಾಗಿ ಅವರೇನಾ?" ಈ ಪ್ರಶ್ನೆ ಹಿಡಿದು ಹೊರಟರೆ ದೂರ ಹೋಗಲಾಗುವುದಿಲ್ಲ. ಸಮಾಧಿಯ ಹತ್ತಿರ ಬರುವ ಹಕ್ಕು ಯಾರಿಗಿತ್ತು ಅಂತ ಕೇಳಿ ನೋಡಿ, ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇರಾನಿನ ನೈಋತ್ಯದಲ್ಲಿ ಖುಜೆಸ್ತಾನ್ ಪ್ರಾಂತ್ಯವಿದೆ. ಅಲ್ಲಿನ ಶೂಷ್ ಪಟ್ಟಣವೇ ಹಳೆಯ ಸೂಸಾ, ಕನ್ನಡ ಬೈಬಲಿನ ಶೂಷನ್. ದಾನಿಯೇಲ ಬೈಬಲಿನ ಪ್ರವಾದಿ; ಅವನ ಹೆಸರಿನ ಗ್ರಂಥದ 8ನೇ ಅಧ್ಯಾಯದಲ್ಲಿ ಅವನಿಗೆ ದರ್ಶನವಾಗುವುದು ಇಲ್ಲೇ. ಆದರೆ ಅವನು ಎಲ್ಲಿ ಸತ್ತ ಅಂತ ಬೈಬಲ್ ಹೇಳುವುದಿಲ್ಲ. ಕುರಾನಿನಲ್ಲಿ ಅವನ ಹೆಸರಿಲ್ಲ. ಆದರೂ ಮುಸ್ಲಿಂ ಪರಂಪರೆ ಅವನನ್ನು ದಾನಿಯಾಲ್ ನಬಿ (ಪ್ರವಾದಿ ದಾನಿಯೇಲ) ಎಂದು ಗೌರವಿಸುತ್ತದೆ. ಯಹೂದಿ, ಕ್ರೈಸ್ತ, ಮುಸ್ಲಿಂ ಮೂವರಿಗೂ ಅವನು ಬೇಕಾದವನು.

7ನೇ ಶತಮಾನದಲ್ಲಿ ಅರಬ್ ಸೇನೆ ಸೂಸಾ ಗೆದ್ದಾಗ ದಾನಿಯೇಲನದು ಎನ್ನಲಾದ ದೇಹ ಅಲ್ಲಿತ್ತು ಎಂದು ಮುಸ್ಲಿಂ ಇತಿಹಾಸಕಾರರು ಬರೆದಿದ್ದಾರೆ. ಮಳೆ ಬಾರದಿದ್ದರೆ ಜನ ಅದನ್ನು ಹೊರಗೆ ತರುತ್ತಿದ್ದರಂತೆ. ಆಗ ಮುಸ್ಲಿಮರ ಮುಖ್ಯಸ್ಥರಾಗಿದ್ದ ಖಲೀಫ ಉಮರ್ ಅದನ್ನು ಹೂಳಲು ಹೇಳಿದರು. ಹೊಳೆಯ ನೀರನ್ನು ಬೇರೆ ಕಡೆ ತಿರುಗಿಸಿ, ತಳದಲ್ಲಿ ಗುಂಡಿ ತೋಡಿ ಹೂತು, ಮತ್ತೆ ನೀರು ಬಿಟ್ಟರು ಎನ್ನುತ್ತದೆ ಒಂದು ಕಥನ. ಯಾರ ಕೈಗೂ ಸಿಗಬಾರದು ಅನ್ನುವುದು ಉದ್ದೇಶ.

12ನೇ ಶತಮಾನದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ನನಗೆ ಇದೇ ತುಂಬಾ ಇಷ್ಟ. ಬರೆದವನು ಸ್ಪೇನಿನ ಟುಡೆಲಾ ಊರಿನ ಯಹೂದಿ ಪ್ರವಾಸಿ ಬೆಂಜಮಿನ್. ಅವನು ಸ್ವತಃ ಸೂಸಾಕ್ಕೆ ಹೋಗಿದ್ದನಾ, ಬರೀ ಕೇಳಿ ಬರೆದನಾ ಎಂಬ ಅನುಮಾನ ವಿದ್ವಾಂಸರಿಗಿದೆ. ಅವನ ಪ್ರಕಾರ ಊರಿನ ನಡುವೆ ಹೊಳೆ, ಮೇಲೆ ಸೇತುವೆ. ಸಮಾಧಿ ಇದ್ದ ದಡದಲ್ಲಿ ಯಹೂದಿಗಳು, ಸಂತೆ, ವ್ಯಾಪಾರ. ಆಚೆ ದಡದಲ್ಲಿ ಬಡತನ. "ದಾನಿಯೇಲ ಅವರ ಕಡೆ ಇರುವುದಕ್ಕೇ ಅವರಿಗೆ ಸಂಪತ್ತು" ಅಂದುಕೊಂಡ ಆಚೆಯವರು ಶವಪೆಟ್ಟಿಗೆ ಕೇಳಿದರು. ಇವರು ಕೊಡಲಿಲ್ಲ. ಹೊಡೆದಾಟವಾಯಿತು. ಕೊನೆಗೆ ಆ ಕಡೆ ಒಂದು ವರ್ಷ, ಈ ಕಡೆ ಒಂದು ವರ್ಷ ಎಂದು ರಾಜಿಯಾಯಿತು.

ಒಮ್ಮೆ ಸೆಲ್ಜುಕ್ ಎಂಬ ತುರ್ಕಿ ರಾಜವಂಶದ ಸುಲ್ತಾನ ಸಂಜರ್ ಅಲ್ಲಿಗೆ ಬಂದ. ಯಹೂದಿಗಳೂ ಮುಸ್ಲಿಮರೂ ಗುಂಪುಗೂಡಿ ಪೆಟ್ಟಿಗೆ ಹೊತ್ತು ಸೇತುವೆ ದಾಟುತ್ತಿದ್ದರು. ಪ್ರವಾದಿಗೆ ಇದು ಮರ್ಯಾದೆಯಲ್ಲ ಅನ್ನಿಸಿತು ಅವನಿಗೆ. ಸೇತುವೆಯನ್ನು ಎರಡೂ ಕಡೆಯಿಂದ ಅಳೆಸಿದ. ಸರಿಯಾಗಿ ನಡುಮಧ್ಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಆ ಪೆಟ್ಟಿಗೆಯನ್ನಿಟ್ಟು, ಕಬ್ಬಿಣದ ಸರಪಳಿಯಿಂದ ತೂಗುಹಾಕಿಸಿದ. ಯಾರು ಬಂದರೂ ಪ್ರಾರ್ಥಿಸಲು ಅಲ್ಲೊಂದು ಜಾಗ ಕಟ್ಟಿಸಿದ. ಸುತ್ತಮುತ್ತ ಒಂದು ಮೈಲಿ ಮೀನು ಹಿಡಿಯಬಾರದು ಎಂದೂ ಆಜ್ಞೆ ಮಾಡಿದ. ಹೀಗೇ ನಡೆಯಿತೋ ಇಲ್ಲವೋ, ಆ ಕಾಲದ ಒಬ್ಬ ಯಹೂದಿ ಬರಹಗಾರನಿಗೆ ಮುಸ್ಲಿಂ ಸುಲ್ತಾನನ ಈ ತೀರ್ಪು ನ್ಯಾಯವಾಗಿ ಕಂಡಿತು ಅಲ್ವಾ? ಗಮನಿಸಬೇಕಾದ್ದು ಅದು.

ಈಗಿನ ಸಮಾಧಿ ಇರುವುದು ಶಾವೂರ್ ಹೊಳೆಯ ದಡದಲ್ಲಿ. ಹಳೆಯ ಕಟ್ಟಡ 1869ರ ಪ್ರವಾಹಕ್ಕೆ ಹಾಳಾಗಿ, ಆಮೇಲೆ ಹೊಸದಾಗಿ ಕಟ್ಟಿದ್ದು. ಬಿಳಿಯ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಚೂಪಾಗುತ್ತಾ ಏರುತ್ತದೆ, ದೂರದಿಂದ ಅನಾನಸ್ ಹಣ್ಣಿನಂತೆ ಕಾಣುತ್ತದೆ. ಇಂದು ಬರುವವರಲ್ಲಿ ಹೆಚ್ಚಿನವರು ಶಿಯಾ ಮುಸ್ಲಿಮರು. ಇರಾನಿನ ಯಹೂದಿಗಳೂ ಬರುತ್ತಾರೆ.

ಓದುವಾಗ ಇನ್ನೊಂದು ನೆನಪಿರಲಿ: ದಾನಿಯೇಲನ ಸಮಾಧಿ ಇದೊಂದೇ ಅಲ್ಲ. ಇರಾಕಿನ ಕಿರ್ಕುಕ್‌ನಲ್ಲಿ ಒಂದಿದೆ. ಉಜ್ಬೇಕಿಸ್ತಾನದ ಸಮರ್‌ಕಂದ್‌ನಲ್ಲಿ ಇನ್ನೊಂದು, ಸುಮಾರು 18 ಮೀಟರ್ ಉದ್ದದ್ದು. ತೈಮೂರ್ ಸೂಸಾದಿಂದ ಅವಶೇಷ ತಂದ ಎಂಬುದು ಅಲ್ಲಿನವರ ನಂಬಿಕೆ.