ಸೈಕ್ಲೋಟ್ರಾನ್: ಗರಿಷ್ಠ ಶಕ್ತಿಯ ಸೂತ್ರದಲ್ಲಿ ವೋಲ್ಟೇಜ್ ಏಕಿಲ್ಲ?

ಪ್ರಶ್ನೆ: ಆವೇಶವುಳ್ಳ ಕಣಗಳನ್ನು ಕಾಂತಕ್ಷೇತ್ರದಲ್ಲಿ ಸುತ್ತಿಸಿ ಅವುಗಳ ವೇಗ ಹೆಚ್ಚಿಸುವ ಯಂತ್ರವಾದ ಸೈಕ್ಲೋಟ್ರಾನಿನಲ್ಲಿ ಕಣಕ್ಕೆ ಶಕ್ತಿ ಕೊಡುವುದು ವಿದ್ಯುತ್ ಕ್ಷೇತ್ರವೇ ಆಗಿದ್ದರೆ, ಗರಿಷ್ಠ ಚಲನಶಕ್ತಿಯ ಸೂತ್ರದಲ್ಲಿ ಕಾಂತಕ್ಷೇತ್ರ ಮಾತ್ರ ಇದ್ದು ವೋಲ್ಟೇಜ್ ಕಾಣದಿರುವುದು ಹೇಗೆ?

ಉತ್ತರ: ಕಾಂತಬಲವು ಸದಾ ವೇಗಕ್ಕೆ ಲಂಬವಾಗಿರುವುದರಿಂದ ಅದು ಕಣದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಜವವನ್ನಲ್ಲ. ಇಂಗ್ಲಿಷಿನ D ಆಕಾರದ, ಟೊಳ್ಳಾದ ಲೋಹದ ಪೆಟ್ಟಿಗೆಗಳಾದ ಡೀಗಳ ಒಳಗೆ ವಿದ್ಯುತ್ ಕ್ಷೇತ್ರವೇ ಇರುವುದಿಲ್ಲ. ಶಕ್ತಿ ದೊರೆಯುವುದು ಎರಡು ಡೀಗಳ ನಡುವಿನ ಕಿರಿದಾದ ತೆರಪಿನಲ್ಲಿ ಮಾತ್ರ. ಕಣವು ಅರ್ಧವೃತ್ತ ಸುತ್ತಿ ಮತ್ತೆ ತೆರಪಿಗೆ ಬರುವಷ್ಟರಲ್ಲಿ ಪರ್ಯಾಯ ವೋಲ್ಟೇಜಿನ ದಿಕ್ಕು ಬದಲಾಗಿರುತ್ತದೆ, ಹಾಗಾಗಿ ಪ್ರತಿ ಬಾರಿಯೂ ಅದು ವೇಗೋತ್ಕರ್ಷವನ್ನೇ ಪಡೆಯುತ್ತದೆ.

ಈ ಹೊಂದಾಣಿಕೆ ತಪ್ಪದಿರಲು ಕಾರಣವೊಂದೇ: ಜವ ಇಮ್ಮಡಿಯಾದರೆ ಪಥದ ತ್ರಿಜ್ಯವೂ ಇಮ್ಮಡಿಯಾಗುವುದರಿಂದ, ಒಂದು ಸುತ್ತಿನ ಅವಧಿ ಬದಲಾಗುವುದಿಲ್ಲ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಜವವು ಬೆಳಕಿನ ಜವಕ್ಕಿಂತ ಬಹಳ ಕಡಿಮೆ ಇರುವವರೆಗೆ, ಪ್ರೋಟಾನ್ ನಿಧಾನವಾಗಿರಲಿ, ವೇಗವಾಗಿರಲಿ, ಅದರ ಆವೃತ್ತಿ (ಸೆಕೆಂಡಿಗೆ ಸುತ್ತುವ ಸುತ್ತುಗಳ ಸಂಖ್ಯೆ) ಸುಮಾರು 15.2 ಮೆಗಾಹರ್ಟ್ಸ್. ಇಡೀ ಯಂತ್ರ ನಿಂತಿರುವುದೇ ಇದರ ಮೇಲೆ. ಸೂತ್ರದ ವ್ಯುತ್ಪತ್ತಿ ಬರೆಯುವಾಗ ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡಬೇಡಿ.

ಈಗ ವೋಲ್ಟೇಜಿನ ವಿಚಾರ. ಪಥದ ತ್ರಿಜ್ಯವು ಡೀಯ ಅಂಚನ್ನು ಮುಟ್ಟಿದಾಗ ಕಣವನ್ನು ಹೊರಗೆ ತೆಗೆಯಲಾಗುತ್ತದೆ. ಆ ತ್ರಿಜ್ಯದಲ್ಲಿ ಕಣದ ಜವ ಎಷ್ಟಿರಬೇಕೆಂಬುದನ್ನು ಕಾಂತಕ್ಷೇತ್ರ, ಆವೇಶ ಮತ್ತು ದ್ರವ್ಯರಾಶಿಗಳೇ ನಿರ್ಧರಿಸುತ್ತವೆ. ತ್ರಿಜ್ಯ 25 ಸೆಂಟಿಮೀಟರ್, ಕಾಂತಕ್ಷೇತ್ರ 1 ಟೆಸ್ಲಾ ಎಂದಿಟ್ಟುಕೊಳ್ಳಿ: ಪ್ರೋಟಾನಿನ ಶಕ್ತಿ ಸುಮಾರು 30 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ಡೀಗಳ ನಡುವೆ 50 ಕಿಲೋವೋಲ್ಟ್ ಇದ್ದರೆ, ಸುತ್ತಿಗೆ ಎರಡು ಬಾರಿ ತೆರಪು ದಾಟುವ ಪ್ರೋಟಾನ್ ಸುಮಾರು 30 ಸುತ್ತುಗಳಲ್ಲಿ, ಅಂದರೆ 2 ಮೈಕ್ರೋಸೆಕೆಂಡಿನಲ್ಲಿ, ಅಷ್ಟು ಶಕ್ತಿಯನ್ನು ಗಳಿಸುತ್ತದೆ. ವೋಲ್ಟೇಜನ್ನು 25 ಕಿಲೋವೋಲ್ಟಿಗೆ ಇಳಿಸಿದರೆ 60 ಸುತ್ತು ಬೇಕಾಗುತ್ತದೆ, ಆದರೆ ಕೊನೆಯ ಶಕ್ತಿ ಅಷ್ಟೇ. ವೋಲ್ಟೇಜು ಸುತ್ತುಗಳ ಸಂಖ್ಯೆಯಲ್ಲಿ ಅಡಗಿರುವುದರಿಂದಲೇ ಸೂತ್ರದಲ್ಲಿ ಕಾಣುವುದಿಲ್ಲ.

1931ರ ಜನವರಿಯಲ್ಲಿ ಅಮೆರಿಕದ ಬರ್ಕ್‌ಲಿಯ ಅರ್ನೆಸ್ಟ್ ಲಾರೆನ್ಸ್ ಮತ್ತು ಅವರ ವಿದ್ಯಾರ್ಥಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ಇದನ್ನೇ ಮಾಡಿ ತೋರಿಸಿದರು: ಸುಮಾರು 11 ಸೆಂಟಿಮೀಟರ್ ವ್ಯಾಸದ ಉಪಕರಣದಲ್ಲಿ, 2,000 ವೋಲ್ಟಿಗಿಂತ ಕಡಿಮೆ ವೋಲ್ಟೇಜಿನಿಂದ, ಹೈಡ್ರೋಜನ್ ಅಯಾನುಗಳಿಗೆ 80,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಂದಿತ್ತು.

ಆದರೂ ವೋಲ್ಟೇಜು ಎಷ್ಟಿದ್ದರೂ ಆದೀತು ಎಂದು ತಿಳಿಯಬಾರದು. ಜವ ಹೆಚ್ಚಿದಂತೆ, ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಕಣದ ದ್ರವ್ಯರಾಶಿಯೂ ಹೆಚ್ಚಿ, ಆವೃತ್ತಿ ತಗ್ಗಿ, ಕಣವು ಪ್ರತಿ ಸುತ್ತಿಗೂ ತುಸು ತಡವಾಗಿ ತೆರಪಿಗೆ ಬರುತ್ತದೆ. ಸುತ್ತುಗಳು ಹೆಚ್ಚಿದಷ್ಟೂ ಈ ವಿಳಂಬ ಕೂಡುತ್ತಾ ಹೋಗುವುದರಿಂದ, ಹೆಚ್ಚು ಶಕ್ತಿ ಬೇಕಾದಾಗ ದೊಡ್ಡ ವೋಲ್ಟೇಜ್ ಕೊಟ್ಟು ಸುತ್ತುಗಳನ್ನು ಕಡಿಮೆ ಮಾಡಬೇಕಾಗುತ್ತದೆ. ತೀರಾ ಹಗುರವಾದ ಎಲೆಕ್ಟ್ರಾನಿಗೆ ಈ ತೊಡಕು ಆರಂಭದಲ್ಲೇ ಎದುರಾಗುವುದರಿಂದ ಸಾಮಾನ್ಯ ಸೈಕ್ಲೋಟ್ರಾನ್ ಅದಕ್ಕೆ ಒದಗುವುದಿಲ್ಲ.