ರೂಟರ್ ಮುಟ್ಟುವ ಮೊದಲು ಡಿಸ್ಕ್ ನೋಡಿ

ಪುಣೆಯ ಹಿಂಜವಡಿ, ಕೋಥರೂಡ್ ಕಡೆ ಫ್ಲ್ಯಾಟಿನಲ್ಲಿ ಬಿಟ್‌ಕಾಯಿನ್ ನೋಡ್ (ಬಿಟ್‌ಕಾಯಿನ್ ವಹಿವಾಟಿನ ಪೂರ್ತಿ ಲೆಕ್ಕ ಇಳಿಸಿಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರ್) ಇಟ್ಟುಕೊಂಡ ಕನ್ನಡದ ಹುಡುಗರು ಕೇಳುವುದು ಒಂದೇ: “ಪೋರ್ಟ್ 8333 ಓಪನ್ ಆಗ್ತಿಲ್ಲ, ಅದಕ್ಕೇ ಸಿಂಕ್ ನಿಧಾನಾನಾ ಸರ್?”

ಅಲ್ಲ. ಸಿಂಕ್ ಎಂದರೆ ಆ ಲೆಕ್ಕವನ್ನೆಲ್ಲ ಇಳಿಸಿ ಪರಿಶೀಲಿಸುವುದು; ಪೋರ್ಟ್ 8333 ಹೊರಗಿನವರು ಒಳಬರುವ ಬಾಗಿಲು. ಒಂದೇ ಪಬ್ಲಿಕ್ ಐಪಿ ವಿಳಾಸವನ್ನು ಹತ್ತಾರು ಮನೆಗೆ ಹಂಚಿದ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನ ಪಿಯರ್‌ಗಳು (ಬೇರೆಯವರ ನೋಡ್‌ಗಳು) ಒಳಗೆ ಬರಲಾರವು, ನಿಜ. ಆದರೆ ಸಿಂಕ್‌ಗೆ ಬೇಕಾದ ಸಂಪರ್ಕವನ್ನು ನಿಮ್ಮ ನೋಡೇ ಹೊರಗೆ ಹೋಗಿ ಮಾಡಿಕೊಳ್ಳುತ್ತದೆ: ಬ್ಲಾಕ್ (ವಹಿವಾಟುಗಳ ಕಟ್ಟು), ಬಿಡಿ ವಹಿವಾಟು ಎರಡಕ್ಕೂ 8 ಸಂಪರ್ಕ, ಬರೀ ಬ್ಲಾಕ್‌ಗೆ 2. ಪೋರ್ಟ್ ತೆರೆದರೆ ಉಪಕಾರ ಊರಿಗೆ.

ಸಿಂಕ್‌ನಲ್ಲಿ ಮೊದಲು ಬರುವುದು ಹೆಡರ್, ಅಂದರೆ ಪ್ರತಿ ಬ್ಲಾಕ್‌ನ ತಲೆಬರಹ. ಒಂದಕ್ಕೆ 80 ಬೈಟ್, ಒಂದು ಸಂದೇಶದಲ್ಲಿ ಹೆಚ್ಚೆಂದರೆ 2000. 9 ಲಕ್ಷ ಬ್ಲಾಕ್ ಹಿಡಿದರೂ 72 ಎಂಬಿ. ನೋಡ್ ನಡೆಸುವ ತಂತ್ರಾಂಶ ಬಿಟ್‌ಕಾಯಿನ್ ಕೋರ್, ಅದರ 24ನೇ ಆವೃತ್ತಿಯಿಂದೀಚೆಗೆ ಇದನ್ನೇ ಎರಡು ಸಲ ತರಿಸುತ್ತದೆ: ಸರಪಳಿಯ ಹಿಂದೆ ಸಾಕಷ್ಟು ಗಣಿಗಾರಿಕೆ (ಬ್ಲಾಕ್ ಕಟ್ಟುವ ಕಂಪ್ಯೂಟರ್ ದುಡಿಮೆ) ನಡೆದಿದೆಯೇ ಎಂದು ನೋಡಲು ಒಮ್ಮೆ, ಉಳಿಸಿಕೊಳ್ಳಲು ಇನ್ನೊಮ್ಮೆ. ಪುಕ್ಕಟೆ ಹೆಡರ್ ಸುರಿದು ಮೆಮೊರಿ ತುಂಬಿಸುವವರಿಗೆ ಹಾಕಿದ ತಡೆ ಅದು. ಲಾಗ್‌ನಲ್ಲಿ ಎಣಿಕೆ ಮತ್ತೆ ಮೊದಲಿಂದ ಶುರುವಾಯಿತೆಂದು ಗಾಬರಿಯಾಗಿ ರೀಸ್ಟಾರ್ಟ್ ಮಾಡಬೇಡಿ.

ಆಮೇಲೆ ಬ್ಲಾಕ್. ಒಂದು ಪಿಯರ್‌ನಿಂದ ಏಕಕಾಲಕ್ಕೆ 16, ಮುಂದಿನ 1024ರ ಒಳಗಿನವು ಮಾತ್ರ. ಒಬ್ಬ ಸೋಮಾರಿ ಪಿಯರ್ ಎಲ್ಲರ ದಾರಿಗೆ ಅಡ್ಡ ನಿಂತರೆ ಕೆಲವೇ ಸೆಕೆಂಡಿನಲ್ಲಿ ನೋಡ್ ತಾನೇ ಅವನನ್ನು ಬಿಡುತ್ತದೆ. ಇಲ್ಲಿ ಕೈಯಾಡಿಸಲು ಹೋಗಿ ನೋಡ್‌ನ ಸೆಟ್ಟಿಂಗ್ ಕಡತದಲ್ಲಿ “ಕನೆಕ್ಟ್=” ಎಂದು ಗೆಳೆಯನ ಐಪಿ ಬರೆದರೆ ಉಳಿದೆಲ್ಲ ಪಿಯರ್‌ಗಳೂ ಹೋಗುತ್ತವೆ. “ಆಡ್‌ನೋಡ್=” ಬರೆಯಿರಿ.

ನಿಜವಾದ ತೊಡಕು ಡಿಸ್ಕಿನದು. ಪ್ರತಿ ವಹಿವಾಟಿಗೂ ಅದು ಬಳಸುವ ಹಳೆಯ ನಾಣ್ಯ ಇನ್ನೂ ಖರ್ಚಾಗದೆ ಉಳಿದಿದೆಯೇ ಎಂದು ಡೇಟಾಬೇಸ್‌ನಲ್ಲಿ ಹುಡುಕಬೇಕು; ಹಾರ್ಡ್‌ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡಿಯೇ ಸುಸ್ತಾಗುತ್ತದೆ. ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ “ಐಒಸ್ಟ್ಯಾಟ್ -ಎಕ್ಸ್ 5” ಆದೇಶ ಹಾಕಿ. ಡಿಸ್ಕ್ ಬಳಕೆ ಶೇಕಡಾ 100ರ ಹತ್ತಿರ, ನೆಟ್ ಖಾಲಿ ಎಂದರೆ ರೂಟರ್ ನಿರಪರಾಧಿ. ಆ ಡೇಟಾಬೇಸನ್ನಾದರೂ ಎಸ್‌ಎಸ್‌ಡಿಗೆ ಸಾಗಿಸಿ; 16 ಜಿಬಿ ರ‍್ಯಾಮ್ ಇದ್ದರೆ ಅದರ ಒಂದು ಪಾಲನ್ನು ಡೇಟಾಬೇಸ್‌ನ ಕ್ಯಾಶ್‌ಗೆ (ತಾತ್ಕಾಲಿಕ ನೆನಪಿಗೆ) ಬಿಡುವ “ಡಿಬಿಕ್ಯಾಶ್=4096” ಕೊಡಿ.

ಒಂದು ಎಚ್ಚರಿಕೆ. ಕ್ಯಾಶ್‌ನಲ್ಲಿದ್ದದ್ದು ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟ್ ಹೋದರೆ ಅಷ್ಟೂ ಬ್ಲಾಕ್‌ಗಳನ್ನು ಮತ್ತೆ ಪರಿಶೀಲಿಸಬೇಕು. ಗುರುವಾರದ ರಿಪೇರಿ ಕಡಿತ ಪುಣೆಯವರಿಗೆ ಹೊಸದಲ್ಲ. ಬುಧವಾರ ರಾತ್ರಿಯೇ ನೋಡ್ ನಿಲ್ಲಿಸುವ “ಬಿಟ್‌ಕಾಯಿನ್-ಸಿಎಲ್‌ಐ ಸ್ಟಾಪ್” ಆದೇಶ ಕೊಟ್ಟು, ಲಾಗ್‌ನಲ್ಲಿ ಶಟ್‌ಡೌನ್ ಮುಗಿದ ಸಾಲು ಬರುವವರೆಗೂ ಕಾಯಿರಿ.

ಪರಿಶೀಲಿಸಿದ ಹಳೆಯ ಬ್ಲಾಕ್‌ಗಳನ್ನು ಅಳಿಸುತ್ತಾ ಹೋಗುವ “ಪ್ರೂನ್=550” ಜಾಗ ಉಳಿಸುತ್ತದೆ, ಡೌನ್‌ಲೋಡ್ ಉಳಿಸುವುದಿಲ್ಲ. 600 ಜಿಬಿಗೂ ಹೆಚ್ಚು ಇಳಿದೇ ಇಳಿಯುತ್ತದೆ. ನಾಳೆ ಹಳೆಯ ವ್ಯಾಲೆಟ್‌ನ ವಹಿವಾಟು ಹುಡುಕಲು ರೀಸ್ಕ್ಯಾನ್ ಬೇಕಾದರೆ ಮತ್ತೆ ಅಷ್ಟೂ ಇಳಿಸಬೇಕು.