ಉಸುಕು ಮೆತ್ತಗಿದೆ ಎಂಬ ಧೈರ್ಯ

ಕಾರವಾರದಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ನನಗೆ ಸೋಮವಾರದ ತರಗತಿಯ ಅರ್ಧ ಹೊತ್ತು ಭಾನುವಾರ ಕಲಿತದ್ದನ್ನು ಬಿಡಿಸುವುದರಲ್ಲೇ ಕಳೆಯುತ್ತದೆ. ಶನಿವಾರದವರೆಗೆ ನೆಟ್ಟಗೆ ಮೇಲಕ್ಕೆ ಜಿಗಿಯುತ್ತಿದ್ದ ಮಗು ಸೋಮವಾರ ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಕೇಳಿದರೆ, ಟ್ಯಾಗೋರ್ ಕಡಲತೀರದಲ್ಲಿ ಅಪ್ಪ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಲಾಗ ಹಾಕಿಸಿದ್ದಾರೆ. ಅಪ್ಪನನ್ನು ಕೇಳಿದರೆ, "ಉಸುಕು ಮೆತ್ತಗಿರುತ್ತದಲ್ಲ ಸರ್, ಬಿದ್ದರೂ ಏನಾಗುತ್ತದೆ?" ಎನ್ನುತ್ತಾರೆ.

ಬೀಳುವಾಗ ಏನಾಗುತ್ತದೆ ಎಂದು ಎಲ್ಲರೂ ಯೋಚಿಸುತ್ತಾರೆ. ನೆಲ ಬಿಟ್ಟು ಏಳುವಾಗ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಲಾಗ ಸರಿಯಾಗುವುದೂ ಕೆಡುವುದೂ ಪಾದ ನೆಲ ಬಿಡುವ ಆ ಗಳಿಗೆಯಲ್ಲಿ. ಮಗು ನೆಲವನ್ನು ಒದೆಯಬೇಕು, ನೆಲ ಆ ಬಲವನ್ನು ಮಗುವಿಗೆ ಹಿಂದಿರುಗಿಸಬೇಕು. ಸ್ಪರ್ಧೆಯ ಫ್ಲೋರ್ 12 ಮೀಟರ್ ಉದ್ದ, 12 ಮೀಟರ್ ಅಗಲ. ಅದರ ಹಲಗೆಗಳ ಕೆಳಗೆ ಸ್ಪ್ರಿಂಗ್ ಹಾಕಿರುವುದೇ ಇದಕ್ಕಾಗಿ. ಒಣ ಉಸುಕು ಒದೆತವನ್ನೆಲ್ಲ ನುಂಗಿಬಿಡುತ್ತದೆ. ಪಾದ ಹೂತುಹೋಗುತ್ತದೆ, ಎತ್ತರ ಸಿಗುವುದಿಲ್ಲ. ಎತ್ತರ ಸಾಲದು ಎಂಬುದು ಮಗುವಿನ ಮೈಗೆ ತಕ್ಷಣ ಗೊತ್ತಾಗುತ್ತದೆ. ಹೇಗಾದರೂ ಸುತ್ತು ಮುಗಿಸಬೇಕೆಂದು ಅದು ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ತಲೆ ಹೋದ ಕಡೆ ಭುಜ ಹೋಗುತ್ತದೆ, ಸೊಂಟ ಮೇಲೇಳುವ ಮೊದಲೇ ಬೆನ್ನು ಬಾಗುತ್ತದೆ, ಇದ್ದಷ್ಟು ಎತ್ತರವೂ ಕೈತಪ್ಪುತ್ತದೆ. ಮಗು ಇಳಿಯುವುದು ಅಂಗೈ, ಮೊಣಕಾಲುಗಳ ಮೇಲೆ. ಇನ್ನೂ ಸ್ವಲ್ಪ ತಪ್ಪಿದರೆ ಕತ್ತಿನ ಮೇಲೆ. ಆಗ ಉಸುಕಿನ ಮೆತ್ತಗಿನ ಗುಣ ಉಪಕಾರಕ್ಕೆ ಬರುತ್ತದೆಂದು ನಾನಂತೂ ಹೇಳಲಾರೆ. ತಲೆ ಅಲ್ಲೇ ಹೂತು ನಿಂತರೆ ಮೈಭಾರವೆಲ್ಲ ಕತ್ತಿಗೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವರು ಮುಂದಿನ ವಾರ ನೀರಂಚಿನ ಒದ್ದೆ ಉಸುಕಿಗೆ ಹೋಗುತ್ತಾರೆ. ಅಲ್ಲಿ ಪಾದ ಹೂಳುವುದಿಲ್ಲ, ನಿಜ. ಆದರೆ ಅಲೆ ಬಡಿದು ಗಟ್ಟಿಯಾದ ಆ ನೆಲದಲ್ಲಿ ಮೆತ್ತಗಿನದೇನೂ ಉಳಿದಿರುವುದಿಲ್ಲ. ಮೇಲಾಗಿ ಅದು ಕಡಲ ಕಡೆಗೆ ಇಳಿಜಾರು. ಒಂದು ಅಂಗೈ ಮೇಲೆ, ಒಂದು ಕೆಳಗೆ ಊರಿದರೆ ಮಣಿಕಟ್ಟು ಹೊರಳುತ್ತದೆ.

"ನಾವೆಲ್ಲ ಚಿಕ್ಕವರಿದ್ದಾಗ ದಂಡೆಯ ಮೇಲೆ ಲಾಗ ಹಾಕಿದವರೇ" ಎನ್ನುವ ಹಿರಿಯರಿದ್ದಾರೆ. ಮಾಜಾಳಿಯಲ್ಲೂ ದೇವಬಾಗದಲ್ಲೂ ಇಂದಿಗೂ ಹುಡುಗರು ಹಾಕುತ್ತಾರೆ, ನೋಡಲು ನನಗೂ ಖುಷಿ. ಆದರೆ ತನ್ನಷ್ಟಕ್ಕೆ ಆಡುವ ಮಗು ಹೆದರಿಕೆಯಾದ ಕೂಡಲೇ ನಿಲ್ಲಿಸುತ್ತದೆ. ಅಪ್ಪ ಮೊಬೈಲ್ ಹಿಡಿದು "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುವಾಗ ಅದಕ್ಕೆ ನಿಲ್ಲಿಸಲಾಗುವುದಿಲ್ಲ.

ಒಂಬತ್ತು ವರ್ಷದ ಹುಡುಗಿಯ ಅಪ್ಪ ಹಾಗೆ ತೆಗೆಸಿದ ವಿಡಿಯೋವನ್ನು ತಂದು ತೋರಿಸಿದರು. ಮಗಳ ಮೇಲಿನ ಅಭಿಮಾನ ಅವರ ಮುಖದಲ್ಲೇ ಇತ್ತು. ಅದನ್ನು ನೋಯಿಸುವ ಮನಸ್ಸು ನನಗಿರಲಿಲ್ಲ. ವೇಗ ಕಡಿಮೆ ಮಾಡಿ ಇಬ್ಬರೂ ಕೂತು ನೋಡಿದೆವು. ಹಾರುವ ಮುಂಚೆಯೇ ಅವಳ ಹಿಮ್ಮಡಿ ಕಾಣದಂತೆ ಹೂತಿತ್ತು. ಕೈಗಳು ಕಿವಿಯ ಪಕ್ಕಕ್ಕೆ ಏರುವ ಮೊದಲೇ ಗಲ್ಲ ಆಕಾಶ ನೋಡುತ್ತಿತ್ತು. ಅಪ್ಪನ ಕೈ ಸೊಂಟದ ಕೆಳಗೆ ಇಡೀ ಭಾರ ಹೊತ್ತಿತ್ತು. "ಇದರಲ್ಲಿ ನಾನೇ ಅಲ್ಲವೇ ಲಾಗ ಹಾಕಿಸಿದ್ದು?" ಎಂದು ಅವರೇ ಕೇಳಿದರು. ನಾನು ಹೇಳಬೇಕಾಗಿ ಬರಲಿಲ್ಲ.

ಅವಳಿಗೆ ಆಗ ಬೇಕಿದ್ದುದು ರೌಂಡ್ ಆಫ್. ಓಡಿ ಬಂದ ವೇಗವನ್ನು ಕೈಗಳ ಮೇಲೆ ತಿರುಗಿಸಿ, ಬಂದ ದಾರಿಗೆ ಮುಖ ಮಾಡಿ, ಎರಡೂ ಪಾದ ಒಟ್ಟಿಗೆ ಊರುವುದು. ಹಿಂದಕ್ಕೆ ಹಾರುವುದೆಲ್ಲ ಇದರ ಬೆನ್ನಿಗೆ ಬರುತ್ತದೆ. ನಾನು ಬೇರೆ ಮಗುವಿನ ಕಡೆ ತಿರುಗಿದ್ದರೂ ಸದ್ದಿನಿಂದಲೇ ತಿಳಿಯುತ್ತದೆ: ಒಂದೇ "ಧಪ್" ಎಂದರೆ ಪಾದಗಳು ಜೋಡಿಯಾಗಿ ಬಂದಿವೆ, "ದಡ್‌-ದಡ್" ಎಂದರೆ ಒಂದು ಕಾಲು ತಡವಾಗಿದೆ, ಲಾಗ ಓರೆಯಾಗುತ್ತದೆ. ಉಸುಕಿನ ಮೇಲೆ ಈ ಸದ್ದು ಹುಟ್ಟುವುದೇ ಇಲ್ಲ. ಮಗುವಿಗೂ ತನ್ನ ತಪ್ಪು ಕೇಳಿಸುವುದಿಲ್ಲ.

ಜಿಮ್ನಾಸ್ಟ್ ದೀಪಾ ಕರ್ಮಾಕರ್ ಹೆಸರು ಹೇಳಿ ನನ್ನೊಂದಿಗೆ ವಾದಿಸುವ ಪೋಷಕರಿದ್ದಾರೆ. ಧೈರ್ಯ ಮಾಡಿದ್ದರಿಂದಲೇ ಆಕೆ ಗೆದ್ದರು ಎನ್ನುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ ಎಂದರೆ ಓಡಿ ಬಂದು ಟೇಬಲ್ಲಿಗೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ, 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದ ಆ ಹುಡುಗಿಯ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆಕೆ ಹಾರಿದ ಪ್ರೊಡುನೋವಾ ಎಂಬ ವಾಲ್ಟ್‌ನಲ್ಲಿ ಮುಂದಕ್ಕೆ ಹಾಕುವ ಎರಡು ಲಾಗಗಳಿಗಿಂತ ಮೊದಲು ಅಂಗೈ ಟೇಬಲ್ಲಿಗೆ ಬಡಿದು ಭುಜದಿಂದ ಮೈಯನ್ನು ಮೇಲೆಸೆಯಬೇಕು. ಅದರ ಬೇರು ಕೈಗಳ ಮೇಲೆ ತಲೆಕೆಳಗಾಗಿ ನೆಟ್ಟಗೆ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿದೆ. ನಿಮ್ಮ ಮಗಳಿಗೆ ಬೇಸರ ತರಿಸುವ ಅದೇ ಹ್ಯಾಂಡ್‌ಸ್ಟ್ಯಾಂಡ್.

ಕಡಲತೀರಕ್ಕೆ ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಒಣ ಉಸುಕಿನಲ್ಲಿ ಓಡಿಸಿ, ಕುಪ್ಪಳಿಸಲು ಬಿಡಿ. ಕಾಲಿಗೆ ಅಷ್ಟು ಒಳ್ಳೆಯ ಕಸರತ್ತು ನಮ್ಮ ಹಾಲ್‌ನಲ್ಲೂ ಸಿಗುವುದಿಲ್ಲ. ಚಿಪ್ಪು, ಗಾಜಿನ ಚೂರು ನೋಡಿಕೊಂಡು, ಕೈಯೂರಿ ಪಕ್ಕಕ್ಕೆ ಚಕ್ರದಂತೆ ಉರುಳುವ ಕಾರ್ಟ್‌ವೀಲ್ ಹಾಕಿದರೂ ಅಡ್ಡಿಯಿಲ್ಲ. ತಲೆ ಕೆಳಗಾಗಿ ಗಾಳಿಯಲ್ಲಿ ಸುತ್ತುವುದನ್ನು ಮಾತ್ರ ಬಿಡಿ.

ಕೊನೆಯದಾಗಿ ಮಣಿಕಟ್ಟಿನ ವಿಷಯ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಹತ್ತಿರದ ಭಾಗ ಇನ್ನೂ ಮೃದುವಾಗಿರುತ್ತದೆ; ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅಂಗೈ ಊರಿದಾಗಲೆಲ್ಲ ನೋವು ಎಂದು ಮಗು ಹೇಳಿದರೆ ಸ್ಪ್ರೇ ಹೊಡೆದು ತರಗತಿಗೆ ಕಳಿಸಬೇಡಿ. ಕೆಲವು ದಿನ ವಿಶ್ರಾಂತಿ ಕೊಡಿ. ಆಮೇಲೂ ನೋವಿದ್ದರೆ ಮೂಳೆ ವೈದ್ಯರಿಗೆ ತೋರಿಸಿ, ಅವರು ಏನೆಂದರು ಎಂಬುದನ್ನು ನನಗೂ ತಿಳಿಸಿ. ಅಲ್ಲಿಯವರೆಗೆ ಕಾಲಿನ, ಹೊಟ್ಟೆಯ ವ್ಯಾಯಾಮ ಮಾಡಿಸುತ್ತಿರುತ್ತೇನೆ.